ಹಲ್ಲಿನ ಕಲೆ, ಮೊಣಕಾಲ ನೋವು ಮತ್ತು ಕೊಳವೆ ಬಾವಿಯ ನೀರು

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಅದೇ ಸೀಮೆಯಲ್ಲಿ ಔಷಧಿ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡವೂ ಇದೆ. ಹೊಳೆಯ ನೀರಿನಲ್ಲಿ ಫ್ಲೋರೈಡಿನ ಭಯ ಕಡಿಮೆ. ಆದರೆ ಹೊಳೆ ಬಿಟ್ಟು ಒಳನಾಡಿಗೆ ಹೋದರೆ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಅದರ ಪ್ರಮಾಣ ಮಿತಿ ಮೀರಿದೆ.

ಬಯಲುಸೀಮೆಯ ಈ ಸಂಗತಿ ಕಾಫಿ, ಅಡಿಕೆಯವರಿಗೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಮಲೆನಾಡಿನ ಒರತೆ ನೀರು ಕುಡಿಯುವವರಿಗೆ ಈ ಚಿಂತೆ ಅಷ್ಟಿಲ್ಲ, ನಿಜ. ಆದರೆ ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ತೋಟ ಉಳಿಸಿಕೊಳ್ಳಲು ಬಂಡೆ ಕೊರೆದು ಆಳಕ್ಕೆ ಇಳಿಯುತ್ತಿದ್ದಾರೆ. ಫ್ಲೋರೈಡ್ ಇರುವುದು ಆ ಕಲ್ಲಿನಲ್ಲಿಯೇ. ನೀರು ಹೆಚ್ಚು ಕಾಲ ಕಲ್ಲಿನ ಸಂದಿಯಲ್ಲಿ ನಿಂತಷ್ಟೂ ಅದು ಹೆಚ್ಚಾಗಿ ಕರಗುತ್ತದೆ. ತೋಟಕ್ಕೆಂದು ತೆಗೆದ ನೀರೇ ಮನೆಯ ಕೊಡಕ್ಕೂ ಬರುತ್ತದೆ. ಮರಕ್ಕೆ ಹಾಕುವ ಗೊಬ್ಬರಕ್ಕಾಗಿ ಮಣ್ಣು ಪರೀಕ್ಷೆ ಮಾಡಿಸುವ ನಾವು ಕುಡಿಯುವ ನೀರನ್ನು ಒಮ್ಮೆಯೂ ಪರೀಕ್ಷೆಗೆ ಕಳಿಸಿರುವುದಿಲ್ಲ!

ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು. ಬೇರೆ ನೀರೇ ಇಲ್ಲದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಇದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗದು. ಕುದಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳಿಗೆ ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿಯೇ ಬಿಳಿ, ಕಂದು ಕಲೆ ಕೂಡುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದೊಡ್ಡವರಿಗೆ ವರ್ಷಗಟ್ಟಲೆ ಕುಡಿದ ಮೇಲೆ ಕತ್ತು, ಬೆನ್ನು, ಮೊಣಕಾಲು ಬಿಗಿಯುತ್ತವೆ. ವಾತವೆಂದೋ ವಯಸ್ಸಾಯಿತೆಂದೋ ಸುಮ್ಮನಾಗುತ್ತೇವೆ.

ಇಲ್ಲಿಂದ ಎರಡು ದಾರಿ. ಒಬ್ಬರು ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ವರ್ಷಾನುಗಟ್ಟಲೆ ನುಂಗುತ್ತಾರೆ. ಇನ್ನೊಬ್ಬರು ಗುಡ್ಡದ ಬೇರು, ಕಷಾಯ, ಎಣ್ಣೆ ಹಿಡಿಯುತ್ತಾರೆ. ಎಲುಬಿಗೆ ಸೇರಿದ ಫ್ಲೋರೈಡನ್ನು ಗುಳಿಗೆಯೂ ತೆಗೆಯದು, ಬೇರೂ ತೆಗೆಯದು. ಮೇಲಾಗಿ ಬಹುಕಾಲದ ನೋವಿನ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಮೈಯಿಂದ ಫ್ಲೋರೈಡ್ ಹೊರಹಾಕಬೇಕಾದುದು ಆ ಮೂತ್ರಪಿಂಡವೇ ಅಲ್ಲವೇ?

ಆದ್ದರಿಂದ ಈ ಒಂದು ರೋಗದಲ್ಲಿ ಮದ್ದಿಗಿಂತ ನೀರು, ಊಟಗಳೇ ಮುಖ್ಯ. ಹಾಲು, ಮೊಸರು, ರಾಗಿ, ನುಗ್ಗೆ ಸೊಪ್ಪುಗಳಲ್ಲಿ ಸುಣ್ಣದ ಅಂಶ ಹೇರಳ. ಅದು ಹೊಟ್ಟೆಯಲ್ಲಿಯೇ ಫ್ಲೋರೈಡಿನ ಒಂದಷ್ಟು ಭಾಗವನ್ನು ಹಿಡಿದಿಡುತ್ತದೆ. ನೆಲ್ಲಿಕಾಯಿ, ನಿಂಬೆಯೂ ಇರಲಿ. ಚಹಾ ಗಿಡ ತನ್ನ ಎಲೆಯಲ್ಲಿ ಫ್ಲೋರೈಡ್ ಕೂಡಿಡುವುದರಿಂದ ಇಂಥ ಊರುಗಳಲ್ಲಿ ಕಡು ಚಹಾ ಕಡಿಮೆ ಮಾಡುವುದು ಲೇಸು. (ಕಾಫಿಯಲ್ಲಿ ಅಷ್ಟಿಲ್ಲ, ನಾವು ಕಾಫಿಯವರೆಂದು ಹೇಳುವ ಮಾತಲ್ಲ.)

ಇದನ್ನೋದಿ ಯಾರೂ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಗುಳಿಗೆ ಬಿಡಬಾರದು. ಅಲ್ಲಿ ಪಥ್ಯವೂ ಬೇಕು, ಗುಳಿಗೆಯೂ ಬೇಕು. ಕಡಿಮೆ ಮಾಡುವುದಾದರೆ ವೈದ್ಯರು ಹೇಳಬೇಕು. ಮೊಣಕಾಲು, ಬೆನ್ನು ನೋವೆಲ್ಲ ಫ್ಲೋರೈಡಿನದೇ ಅಲ್ಲ. ಬೆನ್ನುಮೂಳೆಯ ಕ್ಷಯವೂ ಹೀಗೆಯೇ ಆರಂಭವಾಗಬಹುದು, ಅದಕ್ಕೆ ಮದ್ದೇ ಗತಿ. ಒಮ್ಮೆ ಆಸ್ಪತ್ರೆಗೆ ತೋರಿಸಿರಿ. ಫ್ಲೋರೋಸಿಸ್ ತಡೆಗೆ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದು 2008-09ರಲ್ಲಿ ಆರಂಭವಾಗಿದೆ.

ಪರೀಕ್ಷೆಗೆ ನೀರು ಒಯ್ಯುವವರು ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿರಿ. ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿರಿ. ಹೆಚ್ಚಿದೆಯೆಂದು ಬಂದರೆ ಹೊಳೆಯ ನಲ್ಲಿ ನೀರೋ, ಶುದ್ಧ ನೀರಿನ ಘಟಕದ್ದೋ, ಮಾಡಿನಿಂದ ಹಿಡಿದಿಟ್ಟ ಮಳೆ ನೀರೋ ಆಗಬಹುದು. ಒಳ್ಳೆಯ ನೀರು ನಾಲ್ಕೇ ಕೊಡ ಸಿಕ್ಕರೆ ಕುಡಿಯಲಿಕ್ಕೂ ಅನ್ನ ಸಾರಿಗೂ ಇಟ್ಟುಕೊಳ್ಳಿರಿ. ಸ್ನಾನಕ್ಕೆ, ಬಟ್ಟೆಗೆ ಕೊಳವೆ ಬಾವಿಯ ನೀರೇ ಸಾಕು.