ಹಳೆಯ ಅಂಗಡಿ-ಮನೆ: ನವೀಕರಣವೇ, ಪುನರ್‌ನಿರ್ಮಾಣವೇ?

ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಮಾದರಿಯ ಕಟ್ಟಡಗಳು ನಮ್ಮ ಹಳೆಯ ಪೇಟೆಗಳಲ್ಲಿ ಇಂದಿಗೂ ಹೇರಳವಾಗಿವೆ. ಹಿರಿಯರ ಕಾಲದ ಇಂತಹ ಕಟ್ಟಡವು ಸೋರಲಾರಂಭಿಸಿದಾಗ ಅಥವಾ ವ್ಯವಹಾರಕ್ಕೆ ಸಾಲದಾದಾಗ, ಅದನ್ನು ನವೀಕರಿಸುವುದೋ, ಕೆಡವಿ ಹೊಸದಾಗಿ ಕಟ್ಟುವುದೋ ಎಂಬ ಪ್ರಶ್ನೆ ಏಳುತ್ತದೆ. ಸಾಮಾನ್ಯವಾಗಿ ಮಾಲೀಕರು ಗುತ್ತಿಗೆದಾರರು ಹೇಳುವ ಚದರ ಅಡಿಯ ದರಗಳನ್ನಷ್ಟೇ ಹೋಲಿಸುತ್ತಾರೆ. ಆದರೆ ಲಾಭ-ನಷ್ಟವನ್ನು ನಿರ್ಧರಿಸುವ ಹಲವು ಅಂಶಗಳು ಆ ದರದಲ್ಲಿ ಕಾಣಿಸುವುದಿಲ್ಲ.

ಕಟ್ಟಡದ ದೃಢತೆ

ಮೊದಲು ಪರಿಶೀಲಿಸಬೇಕಾದುದು ತಳಪಾಯ ಮತ್ತು ಭಾರ ಹೊರುವ ಭಾಗಗಳನ್ನು. ಸೋರುವ ತಾರಸಿ, ಗೆದ್ದಲು ಹಿಡಿದ ಜಂತೆ, ಹಳೆಯ ವಿದ್ಯುತ್ ತಂತಿ ಇವೆಲ್ಲ ಸರಿಪಡಿಸಬಹುದಾದ ದೋಷಗಳು. ಗೋಡೆಯಲ್ಲಿನ ಓರೆ ಬಿರುಕು ತಳಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ಕೆಲವು ತಿಂಗಳು ಗಮನಿಸುವುದು ಹಳೆಯ ಕ್ರಮ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆಯೆಂದು ಅರ್ಥ. ಕಾಂಕ್ರೀಟ್ ಕಟ್ಟಡದಲ್ಲಿ ಒಳಗಿನ ಕಬ್ಬಿಣವು ತುಕ್ಕು ಹಿಡಿದು ಉಬ್ಬುವುದರಿಂದ ಮೇಲ್ಪದರ ಸಿಡಿದು ಉದುರುತ್ತದೆ. ಇದು ಒಂದೆರಡು ಕಡೆ ಮಾತ್ರವಿದ್ದರೆ ದುರಸ್ತಿ ಸಾಧ್ಯ. ಕಂಬ-ತೊಲೆಗಳಲ್ಲೆಲ್ಲ ಹರಡಿದ್ದರೆ ನವೀಕರಣಕ್ಕೆ ಸುರಿದ ಹಣ ವ್ಯರ್ಥವಾಗುವ ಸಂಭವವೇ ಹೆಚ್ಚು. ಸುಣ್ಣದ ಗಾರೆಯ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿದರೆ ತೇವವು ಒಳಗೇ ಉಳಿದು ಗೋಡೆ ಮತ್ತಷ್ಟು ಹದಗೆಡುತ್ತದೆ.

ನಿವೇಶನದ ಲೆಕ್ಕ

ಹಳೆಯ ಪೇಟೆಯ ಕಟ್ಟಡಗಳು ಹೆಚ್ಚಾಗಿ ನಿವೇಶನದ ಗಡಿಯವರೆಗೂ ವ್ಯಾಪಿಸಿರುತ್ತವೆ. ಕೆಡವಿ ಕಟ್ಟುವಾಗ ಇಂದಿನ ನಿಯಮಗಳಂತೆ ಸುತ್ತಲೂ ಜಾಗ ಬಿಡಬೇಕಾಗಬಹುದು. ಉದಾಹರಣೆಗೆ, 30 × 40 ಅಡಿಯ ನಿವೇಶನದಲ್ಲಿ ಮುಂದೆ 5 ಅಡಿ, ಉಳಿದ ಮೂರು ಕಡೆ ತಲಾ 3 ಅಡಿ ಬಿಡಬೇಕೆಂದು ಭಾವಿಸೋಣ. ಆಗ 1,200 ಚದರ ಅಡಿಯ ನೆಲ ಅಂತಸ್ತು 24 × 32, ಅಂದರೆ 768 ಚದರ ಅಡಿಗೆ ಇಳಿಯುತ್ತದೆ. ಅಂಗಡಿಯ ಮುಂಗಟ್ಟು ಸಹ 30 ಅಡಿಯಿಂದ 24 ಅಡಿಗೆ ಕುಗ್ಗುತ್ತದೆ. ಮೇಲಂತಸ್ತು ಏರಿಸಿ ಒಟ್ಟು ವಿಸ್ತೀರ್ಣವನ್ನು ಸರಿದೂಗಿಸಬಹುದಾದರೂ ನೆಲಮಟ್ಟದ ಮಳಿಗೆಯ ಬೆಲೆ ಮೇಲಂತಸ್ತಿಗೆ ಬಾರದು. ನಿಯಮಗಳು ಊರಿಂದ ಊರಿಗೆ ಭಿನ್ನವಾಗಿರುವುದರಿಂದ ಸ್ಥಳೀಯ ಸಂಸ್ಥೆಯಲ್ಲಿ ಮೊದಲೇ ವಿಚಾರಿಸುವುದು ಅಗತ್ಯ.

ತೆರಿಗೆಯ ಪರಿಣಾಮ

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಆದರೆ ಸ್ವಂತ ವ್ಯವಹಾರಕ್ಕಾಗಿ ಕಟ್ಟಡ ಕಟ್ಟಿಕೊಳ್ಳುವ ವರ್ತಕರಿಗೆ ಆ ವೆಚ್ಚದ ಮೇಲಿನ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ನವೀಕರಣ, ದುರಸ್ತಿಗಳಿಗೂ ಈ ನಿರ್ಬಂಧವಿದೆ. ಆದರೆ ಆ ವೆಚ್ಚವನ್ನು ಲೆಕ್ಕಪತ್ರದಲ್ಲಿ ಬಂಡವಾಳವಾಗಿ ತೋರಿಸಿದ ಮಟ್ಟಿಗೆ ಮಾತ್ರ. ಅಂಗಡಿಯ ನಿಜವಾದ ವಾಡಿಕೆಯ ದುರಸ್ತಿಯನ್ನು ಆ ವರ್ಷದ ಖರ್ಚಾಗಿ ಬರೆಯಬಹುದು. ಹೊಸ ಕಟ್ಟಡದ ವೆಚ್ಚವು ಸವಕಳಿಯ ರೂಪದಲ್ಲಿ ವರ್ಷ ವರ್ಷ ಸ್ವಲ್ಪವೇ ಕಳೆಯುತ್ತದೆ. ಅಂಗಡಿಯ ಮತ್ತು ಮೇಲಿನ ಮನೆಯ ಬಿಲ್ಲುಗಳನ್ನು ಮೊದಲ ದಿನದಿಂದಲೇ ಬೇರೆಯಾಗಿಡುವುದು ಕ್ಷೇಮ.

ವ್ಯಾಪಾರದ ನಿಲುಗಡೆ

ನವೀಕರಣವನ್ನು ಭಾಗ ಭಾಗವಾಗಿ, ವ್ಯಾಪಾರ ಮಂದವಾಗಿರುವ ತಿಂಗಳುಗಳಲ್ಲಿ ಮಾಡಿ ಅಂಗಡಿಯನ್ನು ತೆರೆದಿಡಬಹುದು. ಪುನರ್‌ನಿರ್ಮಾಣದಲ್ಲಿ ಬದಲಿ ಮಳಿಗೆಯ ಬಾಡಿಗೆ, ದಾಸ್ತಾನು ಸಾಗಣೆ, ಸಾಲದ ಬಡ್ಡಿ ಹಾಗೂ ಬೇರೆಡೆ ಹೋಗುವ ಗಿರಾಕಿಗಳ ನಷ್ಟವೂ ಸೇರುತ್ತದೆ. ಗಿರಾಕಿಗಳ ನಷ್ಟವನ್ನು ಯಾವ ಗುತ್ತಿಗೆದಾರನ ಅಂದಾಜುಪಟ್ಟಿಯೂ ತೋರಿಸುವುದಿಲ್ಲ.

ಆದುದರಿಂದ ಮೊದಲು ಗುತ್ತಿಗೆಯಲ್ಲಿ ಪಾಲಿಲ್ಲದ ರಚನಾ ಎಂಜಿನಿಯರರಿಂದ ಲಿಖಿತ ವರದಿ, ಅನಂತರ ಸ್ಥಳೀಯ ಸಂಸ್ಥೆಯ ನಿಯಮಗಳ ಮಾಹಿತಿ, ಬಳಿಕ ಲೆಕ್ಕಪರಿಶೋಧಕರ ಸಲಹೆ, ಕೊನೆಯಲ್ಲಿ ದರಪಟ್ಟಿ ಎಂಬ ಕ್ರಮವನ್ನು ಅನುಸರಿಸುವುದು ಒಳಿತು. ತಳಪಾಯ ಗಟ್ಟಿಯಾಗಿದ್ದು ನೆಲ ಅಂತಸ್ತೇ ವ್ಯಾಪಾರದ ಜೀವಾಳವಾಗಿದ್ದರೆ ನವೀಕರಣವೇ ಲಾಭಕರ. ಅಸ್ಥಿಪಂಜರವೇ ಶಿಥಿಲವಾಗಿದ್ದರೆ ಕೆಡವುವುದು ಅನಿವಾರ್ಯ. ಅಲ್ಲಿ ಗಿರಾಕಿಗಳ ಮತ್ತು ಕುಟುಂಬದವರ ಪ್ರಾಣದ ಮುಂದೆ ಉಳಿದ ಲೆಕ್ಕಗಳೆಲ್ಲ ಗೌಣ.