ಸ್ವಂತ ಜಾಲತಾಣ ಕಟ್ಟಿದ ವಿದ್ಯಾರ್ಥಿ

ಬರೆಯುವ ಹಂಬಲ ಹುಟ್ಟಿದ ವಿದ್ಯಾರ್ಥಿಗೆ ಹಿಂದೆಲ್ಲ ತೆರೆದಿದ್ದ ಬಾಗಿಲುಗಳು ಕೆಲವೇ ಕೆಲವು. ವಿದ್ಯಾರ್ಥಿನಿಲಯದ ಗೋಡೆಗೆ ಅಂಟಿಸುತ್ತಿದ್ದ ಕೈಬರಹದ ಪತ್ರಿಕೆ ಒಂದು. ವರುಷಕ್ಕೊಮ್ಮೆ ಹೊರಬರುತ್ತಿದ್ದ ಕಾಲೇಜಿನ ವಾರ್ಷಿಕ ಸಂಚಿಕೆ ಇನ್ನೊಂದು. ಇವೆರಡನ್ನೂ ದಾಟಿದವನು ಕಾಗದದ ಒಂದೇ ಮಗ್ಗುಲಲ್ಲಿ ದುಂಡಗೆ ಬರೆದು, ಸಾಕಷ್ಟು ಅಂಚೆಚೀಟಿ ಹಚ್ಚಿದ ಮರುಲಕೋಟೆಯನ್ನು ಜೊತೆಗಿಟ್ಟು, ಯಾವುದಾದರೊಂದು ಮಾಸಪತ್ರಿಕೆಗೆ ಕಳುಹಿಸಿ, ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯುತ್ತಿದ್ದನು. ಬಹುಪಾಲು ಸಂದರ್ಭಗಳಲ್ಲಿ ತನ್ನದೇ ಕೈಬರಹದ ವಿಳಾಸವುಳ್ಳ ಆ ಲಕೋಟೆಯು ವಿಷಾದದ ಎರಡು ಸಾಲುಗಳೊಡನೆ ಮನೆಗೆ ಮರಳುತ್ತಿದ್ದಿತು. ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸುವ ಧೈರ್ಯವಂತರೂ ಇದ್ದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರಿಗೆಲ್ಲ ತಿಳಿದದ್ದೇ ಆಗಿದೆ.

ಇಂದಿನ ತರುಣನಿಗೆ ಆ ಹೊರೆಯಿಲ್ಲ. ಸಂಜೆ ಬರೆದದ್ದನ್ನು ರಾತ್ರಿಯೇ ಲೋಕದ ಮುಂದಿಡಬಹುದು. ಮಗನೋ ಮಗಳೋ ‘ನಾನೊಂದು ಜಾಲತಾಣ ಮಾಡಿಕೊಳ್ಳುತ್ತೇನೆ’ ಎಂದಾಗ ಮನೆಯ ಹಿರಿಯರು ಹುಬ್ಬುಗಂಟಿಕ್ಕುವುದು, ಇಲ್ಲವೆ ಏನೂ ತಿಳಿಯದೆ ತಲೆಯಾಡಿಸುವುದು ಸಾಮಾನ್ಯ. ಎರಡೂ ಸಲ್ಲದು. ಈ ಹಾದಿಯಲ್ಲಿ ಎಲ್ಲರಿಗಿಂತ ಮೊದಲು ನಡೆದವರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯಿದ್ದಾನೆ. ಅವನ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿಯು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ರೂಪಿಸಿದ ಯೋಜನೆಯೇ ಇಂದಿನ ವಿಶ್ವವ್ಯಾಪಿ ಜಾಲ. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಸರ್ವರ ಬಳಕೆಗೆ ಬಿಟ್ಟುಕೊಟ್ಟಿತು. ಅದೇ ವರುಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಮೊಸಾಯಿಕ್ ಎಂಬ ತಂತ್ರಾಂಶ ಹೊರಬಂದು, ಅಕ್ಷರ ಮತ್ತು ಚಿತ್ರಗಳನ್ನು ಒಂದೇ ಪುಟದಲ್ಲಿ ನೋಡುವುದು ಸಾಮಾನ್ಯರಿಗೂ ಸುಲಭವಾಯಿತು. ಪೆನ್ಸಿಲ್ವೇನಿಯಾ ರಾಜ್ಯದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಓದುತ್ತಿದ್ದ ಜಸ್ಟಿನ್ ಹಾಲ್ ಎಂಬ ತರುಣನು ಈ ಸುದ್ದಿ ತಿಳಿದವನೇ, 1994ರ ಜನವರಿಯಲ್ಲಿ, ವಿದ್ಯಾರ್ಥಿನಿಲಯದ ತನ್ನ ಕೋಣೆಯ ಗಣಕಯಂತ್ರವನ್ನೇ ಕಾಲೇಜಿನ ಜಾಲಕ್ಕೆ ಜೋಡಿಸಿ ತನ್ನದೊಂದು ತಾಣವನ್ನು ತೆರೆದನು. ಆಗ ಅವನ ವಯಸ್ಸು 19.

ಮೊದಲಿಗೆ ಅಲ್ಲಿದ್ದುದು ತನ್ನ ಪರಿಚಯ, ತನಗೆ ಮೆಚ್ಚಿಗೆಯಾದ ಇತರ ತಾಣಗಳ ದಾರಿ ತೋರುವ ಪಟ್ಟಿ, ಇಷ್ಟೇ. ಹುಡುಕಾಟದ ಯಂತ್ರಗಳು ಇನ್ನೂ ಬಲಿಯದ ಕಾಲ ಅದು. ಎಲ್ಲಿ ಏನಿದೆಯೆಂದು ಹೇಳಬಲ್ಲವನಿಗೆ ಬೆಲೆಯಿತ್ತು. ಓದುಗರು ಬಂದರು. ಆ ಬೇಸಿಗೆಯಲ್ಲಿಯೇ ಸ್ಯಾನ್ ಫ್ರಾನ್ಸಿಸ್ಕೋದ ವೈರ್ಡ್ ಪತ್ರಿಕೆಯ ಅಂತರ್ಜಾಲ ವಿಭಾಗದಲ್ಲಿ ಅವನಿಗೆ ಕೆಲಸ ಕಲಿಯುವ ಅವಕಾಶ ಒದಗಿತು. ಮರುಲಕೋಟೆಯ ಹಂಗಿಲ್ಲದೆ ಓದುಗರನ್ನು ಗಳಿಸಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಆಗ ಬೇರೆ ಇರಲಿಲ್ಲ. ಕಲಿತದ್ದನ್ನು ಅವನು ಬಚ್ಚಿಟ್ಟುಕೊಳ್ಳಲಿಲ್ಲ; ತನ್ನಂಥ ಇತರರಿಗೂ ಪುಟ ಕಟ್ಟುವ ವಿದ್ಯೆಯನ್ನು ಹೇಳಿಕೊಟ್ಟನು. ಈ ಗುಣ ಮೆಚ್ಚತಕ್ಕದ್ದು.

1996ರಿಂದ ಅವನು ದಿನಂಪ್ರತಿ ಬರೆಯತೊಡಗಿದನು. ಬರೆದುದು ಯಾವುದನ್ನು? ತನ್ನ ಬಾಳನ್ನು. ಹಾಲ್ ಎಂಟು ವರುಷದ ಬಾಲಕನಾಗಿದ್ದಾಗ ಮದ್ಯವ್ಯಸನಿಯಾಗಿದ್ದ ತಂದೆಯು ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡಿದ್ದನು. ಆ ನೋವನ್ನು ಮಗನು ಮುಚ್ಚುಮರೆಯಿಲ್ಲದೆ ಬರೆದನು. ದುಃಖವನ್ನು ಎದೆಯಲ್ಲಿ ಹೂತಿಟ್ಟುಕೊಂಡ ಎಷ್ಟೋ ಓದುಗರಿಗೆ ಅಂಥ ಬರಹದಿಂದ ಸಮಾಧಾನ ಸಿಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಗೆಳೆಯರು, ಗೆಳತಿಯರು, ಮನೆಯವರು, ಜಗಳ, ಕಾಯಿಲೆ, ಎಲ್ಲವೂ ತಾಣಕ್ಕೆ ಏರಿದವು. ಬರೆಯುವವನಿಗೆ ಒಪ್ಪಿಗೆಯಿದ್ದುದು ಬರೆಸಿಕೊಂಡವರಿಗೂ ಒಪ್ಪಿಗೆಯಿರಬೇಕೆಂದಿಲ್ಲವಷ್ಟೆ!

2004ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುರವಣಿಯು ಅಂತರ್ಜಾಲದಲ್ಲಿ ಸ್ವಂತ ದಿನಚರಿ ಬರೆಯುವವರಿಗೆಲ್ಲ ಈತನೇ ಮೂಲಪುರುಷನೆಂಬರ್ಥದ ಬಿರುದನ್ನು ಕೊಟ್ಟಿತು. ಕೀರ್ತಿ ಕೈಗೆ ಬಂದ ಮರು ತಿಂಗಳೇ, 2005ರ ಜನವರಿಯಲ್ಲಿ, ಹಾಲ್ ತನ್ನ ನಿತ್ಯದ ಬರವಣಿಗೆಯನ್ನು ನಿಲ್ಲಿಸಿದನು. ತಾನೇ ಚಿತ್ರಿಸಿಕೊಂಡ ಒಂದು ತುಣುಕಿನಲ್ಲಿ ಅವನು ಬಿಕ್ಕಿಬಿಕ್ಕಿ ಅಳುತ್ತಾನೆ. ಬಾಳನ್ನೆಲ್ಲ ಬಯಲಿಗಿಡುವ ಅಭ್ಯಾಸವೇ ತಾನು ಪ್ರೀತಿಸುವವರನ್ನು ತನ್ನಿಂದ ದೂರಮಾಡುತ್ತಿದೆಯೆಂಬ ಅರಿವು ಅವನನ್ನು ಕಾಡಿತ್ತು. ಹನ್ನೊಂದು ವರುಷಗಳ ಬರಹ ಅದು! ಮುಂದೆ 2015ರಲ್ಲಿ ಆ ತಾಣದ ಚರಿತ್ರೆಯನ್ನೇ ಕುರಿತು ಅವನೊಂದು ಸಾಕ್ಷ್ಯಚಿತ್ರವನ್ನು ತಯಾರಿಸಿದನು. ಅದರ ಹೆಸರಿನ ತಾತ್ಪರ್ಯವೂ ‘ಮಿತಿಮೀರಿ ಹಂಚಿಕೊಳ್ಳುವುದು’ ಎಂದೇ.

ನಮ್ಮ ಮನೆಗಳಿಗೆ ಈ ಪ್ರಸಂಗ ದೂರದ್ದೆಂದು ತೋರಬಹುದು. ಹಾಗಲ್ಲ. ಬರಹಗಾರನಾಗಬಯಸುವವನಿಗೆ ಮೊದಲ ಸಾಮಗ್ರಿ ತನ್ನ ಮನೆಯೇ. ಅಜ್ಜಿಯ ವೈಧವ್ಯ, ಚಿಕ್ಕಪ್ಪನ ಸಾಲ, ಅಕ್ಕನಿಗೆ ಕೂಡಿಬಾರದ ಸಂಬಂಧ, ದಾಯಾದಿಗಳ ಹೊಲದ ವ್ಯಾಜ್ಯ, ಇವುಗಳಿಂದಲೇ ಕನ್ನಡದ ಒಳ್ಳೆಯ ಕಥೆಗಳು ಹುಟ್ಟಿವೆ. ಆದರೆ ಕಥೆಗಾರನು ಊರಿನ ಹೆಸರು ಬದಲಿಸಿ, ಇಬ್ಬರನ್ನು ಕಲಸಿ ಒಬ್ಬನನ್ನಾಗಿಸಿ, ವರುಷಗಳ ಕಾಲ ಮಾಗಲು ಬಿಟ್ಟು ಬರೆಯುತ್ತಿದ್ದನು. ನಡುವೆ ಸಂಪಾದಕನೆಂಬ ಒಬ್ಬ ಪರಕೀಯನು ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕುಳಿತಿರುತ್ತಿದ್ದನು. ಸ್ವಂತ ತಾಣದಲ್ಲಿ ಈ ಎರಡು ತಡೆಗಳೂ ಇಲ್ಲ. ಇರುಳಿನ ಕೋಪ ಬೆಳಗಾಗುವುದರೊಳಗೆ ಹೈದರಾಬಾದಿನ ಬೀಗರಿಗೂ ಮುಟ್ಟಿರುತ್ತದೆ. ಆದುದರಿಂದ ಮಕ್ಕಳ ಬರವಣಿಗೆಗೆ ಅಡ್ಡಿಮಾಡದೆ, ಮನೆಯವರ ಕುರಿತ ಬರಹವನ್ನು ಮಾತ್ರ ಆ ಮನೆಯವರಿಗೆ ಮೊದಲು ತೋರಿಸುವ ರೂಢಿಯನ್ನು ಹಾಕಿಕೊಟ್ಟರೆ ಸಾಕೆಂದು ನನ್ನ ಅಭಿಪ್ರಾಯ. ಸಂಪಾದಕನ ಕೆಲಸಕ್ಕೆ ಒಬ್ಬ ನಿಷ್ಠುರನಾದ ಗೆಳೆಯನೋ ಕನ್ನಡ ಅಧ್ಯಾಪಕರೋ ಒದಗಿದರೆ ಅದು ಪುಣ್ಯ. ಹೊಗಳುವವರು ಹೇಗೂ ಸಿಗುತ್ತಾರೆ.

ಇನ್ನೊಂದು ಭ್ರಮೆಯನ್ನೂ ಇಲ್ಲಿ ತಿಳಿಸಬೇಕು. ಅಂತರ್ಜಾಲಕ್ಕೆ ಏರಿಸಿದ್ದು ಎಂದೆಂದಿಗೂ ಉಳಿಯುತ್ತದೆಂದು ಹುಡುಗರು ನಂಬಿದ್ದಾರೆ. ಜಿಯೋಸಿಟೀಸ್ ಎಂಬ ಸಂಸ್ಥೆಯು 1994ರಲ್ಲಿ ಆರಂಭವಾಗಿ, ಬಯಸಿದವರಿಗೆಲ್ಲ ಪುಟ ಕಟ್ಟಿಕೊಳ್ಳಲು ಉಚಿತವಾಗಿ ಜಾಗ ಕೊಡುತ್ತಿತ್ತು. ಲಕ್ಷಾಂತರ ಜನರು, ಅವರಲ್ಲಿ ಎಷ್ಟೋ ವಿದ್ಯಾರ್ಥಿಗಳು, ಅಲ್ಲಿ ಕವಿತೆ, ಪ್ರವಾಸಕಥನ, ಮನೆತನದ ವಂಶಾವಳಿಗಳನ್ನು ಬರೆದಿಟ್ಟರು. 1999ರಲ್ಲಿ ಯಾಹೂ ಸಂಸ್ಥೆಯು ಅದನ್ನು ನೂರಾರು ಕೋಟಿ ಡಾಲರು ತೆತ್ತು ಕೊಂಡಿತು. 2009ರ ಅಕ್ಟೋಬರ್ 26ರಂದು ಬಾಗಿಲು ಹಾಕಿತು. ಜಪಾನಿನ ಶಾಖೆ ಮಾತ್ರ ಇನ್ನೂ ಕೆಲ ವರುಷ ಉಸಿರಾಡಿತು. ಕೆಲವು ಉತ್ಸಾಹಿಗಳು ಕೊನೆಯ ತಿಂಗಳುಗಳಲ್ಲಿ ಹಗಲಿರುಳು ದುಡಿದು ಅದರ ಬಹಳಷ್ಟು ಭಾಗವನ್ನು ನಕಲುಮಾಡಿ ಉಳಿಸಿದರು. ಉಳಿದುದು ಹೋಯಿತು. ಗೆದ್ದಲಿಗೆ ಸಿಕ್ಕ ಓಲೆಗರಿಯಲ್ಲಿ ಅರ್ಧವಾದರೂ ದಕ್ಕುತ್ತದೆ. ಅಳಿಸಿದ ಪುಟದಲ್ಲಿ ಒಂದಕ್ಷರವೂ ದಕ್ಕದು. ಬಾಡಿಗೆಯಿಲ್ಲದ ಮನೆಯಲ್ಲಿರುವವನು ಒಡೆಯನ ಮರ್ಜಿಯಲ್ಲಿರಬೇಕೆಂಬುದು ಇಲ್ಲಿಯೂ ಅನ್ವಯಿಸುತ್ತದೆ. ಇಂದಿನ ಉಚಿತ ಜಾಗಗಳ ಗತಿಯೂ ಇದೇ ಎಂದು ಎಣಿಸಿಯೇ ಬರಹಗಾರನು ಹೆಜ್ಜೆಯಿಡಬೇಕು.

ಹಾಗಾದರೆ ಸ್ವಂತ ತಾಣಕ್ಕೆ ಬೇಕಾದುದೇನು? ವರುಷಕ್ಕಿಷ್ಟೆಂದು ಹಣ ಕಟ್ಟಿ ನೋಂದಾಯಿಸಿಕೊಳ್ಳುವ ಒಂದು ಹೆಸರು, ಆ ಹೆಸರು ಹುಡುಕಿಕೊಂಡು ಬಂದವರಿಗೆ ಪುಟಗಳನ್ನು ಒದಗಿಸುವ, ಸದಾ ಎಚ್ಚರವಾಗಿರುವ ಒಂದು ಗಣಕಯಂತ್ರದಲ್ಲಿ ಬಾಡಿಗೆಯ ಜಾಗ, ಆಮೇಲೆ ಪುಟಗಳು. ಪುಟವೆಂಬುದು ಮೂಲತಃ ಸರಳ ಅಕ್ಷರಗಳ ಕಡತವೇ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಬೇರೆಡೆಗೆ ಹೋಗುವ ಕೊಂಡಿ ಎಂದು ತಿಳಿಸುವ ಕೆಲವು ಗುರುತುಗಳನ್ನು ಎಚ್‌ಟಿಎಂಎಲ್ ಎಂಬ ಪದ್ಧತಿಯಂತೆ ಬರೆದರಾಯಿತು. ಕಲಾ ವಿಭಾಗದ ವಿದ್ಯಾರ್ಥಿಯೂ ರಜೆಯ ಒಂದೆರಡು ವಾರಗಳಲ್ಲಿ ಇದನ್ನು ಕಲಿಯಬಲ್ಲನು. ಹೊಳೆಯುವ ಬಣ್ಣ, ಕುಣಿಯುವ ಚಿತ್ರಗಳ ಗೊಡವೆ ಬರಹಗಾರನಿಗೇಕೆ?

ಕನ್ನಡದಲ್ಲಿ ಬರೆಯುವವನಿಗೆ ಹಿಂದೆ ಬೇರೊಂದು ಸಂಕಟವಿದ್ದಿತು. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವನ್ನು ಅಂತರ್ಜಾಲಕ್ಕೆ ತಂದಾಗ ಒಂದೊಂದು ಅಕ್ಷರಶೈಲಿಗೂ ಒಂದೊಂದು ಸಂಕೇತವಿದ್ದ ಕಾಲ. ಬರೆದವನ ಯಂತ್ರದಲ್ಲಿದ್ದ ಅಕ್ಷರಶೈಲಿಯು ಓದುವವನಲ್ಲಿ ಇಲ್ಲದಿದ್ದರೆ ಪುಟದ ತುಂಬ ರೋಮನ್ ಲಿಪಿಯ ಅಡ್ಡಾದಿಡ್ಡಿ ಗುರುತುಗಳೇ ಕಾಣುತ್ತಿದ್ದವು. ಆ ಬಗೆಯ ಬರಹವನ್ನು ಹುಡುಕಿ ತೆಗೆಯುವುದೂ ಕಷ್ಟ. ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತವು 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತ್ತಾದರೂ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಗಳು ಕನ್ನಡವನ್ನು ಅಳವಡಿಸಿಕೊಂಡ ನಂತರವೇ ಅದರ ಬಳಕೆ ನೆಲೆಯೂರಿತು.

ವ್ಯಾಕರಣ ಓದಿದವರಿಗೆ ಯುನಿಕೋಡಿನಲ್ಲಿ ಒಂದು ಸ್ವಾರಸ್ಯವಿದೆ, ವಿಷಯಾಂತರವಾದರೂ ಹೇಳದಿರಲಾರೆ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತನ್ನು ನಾವು ಯಕಾರದ ಬಳಿಕ ಇಡುತ್ತೇವೆ. ಉಚ್ಚಾರದಲ್ಲಿ ರೇಫವೇ ಮೊದಲು. ಹಳೆಯ ಅಕ್ಷರಶೈಲಿಗಳು ಕಣ್ಣಿಗೆ ಕಂಡ ಕ್ರಮವನ್ನು ಹಿಡಿದವು. ಯುನಿಕೋಡು ಕಿವಿಗೆ ಕೇಳಿಸುವ ಕ್ರಮವನ್ನು ಹಿಡಿದು ರೇಫವನ್ನೇ ಮುಂದಿಟ್ಟಿತು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಸ, ತ, ರ ಎಂಬ ಮೂರು ವ್ಯಂಜನಗಳು, ಅವುಗಳ ನಡುವಣ ಎರಡು ಹಲಂತ ಚಿಹ್ನೆಗಳು, ಕೊನೆಯ ಈಕಾರ, ಹೀಗೆ ಆರು ಸಂಕೇತಗಳು ಸಾಲಾಗಿ ನಿಂತಿವೆ. ಹಳಗನ್ನಡದ ಱ, ೞ ಅಕ್ಷರಗಳಿಗೂ ಸ್ಥಾನವಿದೆ. ಹುಡುಗರು ಕಾಗುಣಿತವನ್ನು ಎಂದಿಗಿಂತ ಹೆಚ್ಚು ಎಚ್ಚರದಿಂದ ಬರೆಯಬೇಕಾದುದೂ ಈ ಕಾರಣಕ್ಕೆ. ತಪ್ಪಾಗಿ ಬರೆದ ಪದವನ್ನು ಸರಿಯಾಗಿ ಹುಡುಕುವವನು ಕಾಣಲಾರನು.

ಪ್ರಕಟಣೆಯ ವ್ಯವಹಾರದ ಒಂದೆರಡು ಮಾತುಗಳು ಉಳಿದಿವೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಬರೆದ ಕ್ಷಣದಿಂದಲೇ ಹಕ್ಕು ಬರೆದವನದು, ನೋಂದಣಿ ಕಡ್ಡಾಯವಲ್ಲ. ಲೇಖಕನ ಜೀವಿತಕಾಲ ಹಾಗೂ ಅನಂತರದ 60 ವರುಷಗಳವರೆಗೆ ಅದು ನಡೆಯುತ್ತದೆ. ಅದೇ ನ್ಯಾಯದಿಂದ, ಇತರರ ಕವಿತೆಯನ್ನೋ ಚಿತ್ರವನ್ನೋ ಕೇಳದೆ ತನ್ನ ಪುಟಕ್ಕೆ ತಂದುಕೊಳ್ಳುವುದು ಸಲ್ಲದು. ಅನೇಕ ಪತ್ರಿಕೆಗಳೂ ಕಥಾಸ್ಪರ್ಧೆಗಳೂ ಅಪ್ರಕಟಿತ ಬರಹವನ್ನೇ ಕೇಳುವುದರಿಂದ, ಸ್ವಂತ ತಾಣಕ್ಕೆ ಏರಿಸಿದ ಕಥೆಯನ್ನು ಅವು ಪ್ರಕಟವಾದದ್ದೆಂದೇ ಎಣಿಸಬಹುದು. ತನ್ನ ಅತ್ಯುತ್ತಮ ಕಥೆಯನ್ನು ಮೊದಲ ವಾರವೇ ತಾಣಕ್ಕೆ ಹಾಕಿಬಿಡುವ ತರುಣನು ಇದನ್ನು ಯೋಚಿಸಿರುವುದಿಲ್ಲ. ಪುಸ್ತಕ ಪರಿಚಯ, ಊರಿನ ಜಾತ್ರೆ, ಆಡುಮಾತಿನ ಪದಸಂಗ್ರಹ, ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ಬರಗಾಲದ ನೆನಪು, ಇಂಥವು ತಾಣಕ್ಕೆ ಹೇಳಿಮಾಡಿಸಿದವು; ಕಥೆ ಕೆಲಕಾಲ ಕಾಯಲಿ. ಹೆಣ್ಣುಮಕ್ಕಳಾಗಲಿ ಗಂಡುಮಕ್ಕಳಾಗಲಿ ಮನೆಯ ವಿಳಾಸ, ದೂರವಾಣಿ ಸಂಖ್ಯೆ, ದಿನವೂ ಓಡಾಡುವ ಹಾದಿ ಇವುಗಳನ್ನು ತಾಣದಲ್ಲಿ ಬರೆಯಬಾರದು. ಓದುಗರ ಪತ್ರಕ್ಕೆಂದು ಬೇರೆಯೇ ಒಂದು ಮಿಂಚಂಚೆ ವಿಳಾಸವಿದ್ದರೆ ಸಾಕು.

ತಾಣದ ಒಂದು ನಕಲು ಸದಾ ಮನೆಯಲ್ಲಿರಬೇಕು. ಸಾಧ್ಯವಾದರೆ ವರುಷಕ್ಕೊಮ್ಮೆ ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿ ಹೊಲಿಸಿಡುವುದು ಮೇಲು. ಅಜ್ಜ ಅಜ್ಜಿಯರು ಓದುವುದೂ ಆ ಪ್ರತಿಯನ್ನೇ. ಹೆಸರಿನ ನೋಂದಣಿಯನ್ನು ಅವಧಿ ಮುಗಿದ ಬಳಿಕವೂ ನವೀಕರಿಸದಿದ್ದರೆ ಅದು ಅನ್ಯರ ಪಾಲಾಗಬಹುದು. ಪರೀಕ್ಷೆಯ ಗಡಿಬಿಡಿಯಲ್ಲಿ ಹುಡುಗನು ಮರೆತಾನೆಂದು, ಹಣ ಕಟ್ಟಬೇಕಾದ ದಿನಾಂಕವನ್ನು ತಂದೆತಾಯಿಗಳೇ ಅಡುಗೆಮನೆಯ ಗೋಡೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಗುರುತುಹಾಕಿಡುವುದು ಒಳಿತು.