ಅಘನಾಶಿನಿಯ ಬಳಚು: ಯಾವುದಕ್ಕೆ ತಡೆ, ಯಾವುದಕ್ಕಿಲ್ಲ?

ದೊಡ್ಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗುವವರಿಗೆ ಬಳಚು ಮಾರುವ ಹೆಂಗಸರು ಹೊಸಬರಲ್ಲ. ಶಿರಸಿ, ಸಿದ್ದಾಪುರದ ಕಾಡು ಹಾದು ಬರುವ ಅಘನಾಶಿನಿ ನದಿಯ ಅಳಿವೆಯೇ ಈ ಚಿಪ್ಪಿಕಲ್ಲಿನ ತವರು. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಇನ್ನು ಬಳಚು ಹೆಕ್ಕುವಂತಿಲ್ಲವೇ ಎಂಬ ಆತಂಕ ಹುಟ್ಟುವುದು ಸಹಜ. ಆದ್ದರಿಂದ ಕಾನೂನು ಏನನ್ನು ತಡೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ರಾಮ್ಸಾರ್ ಮಾನ್ಯತೆ ಎಂದರೆ ನಿಷೇಧವಲ್ಲ. ಜೌಗು ಪ್ರದೇಶವನ್ನು ಹಾಳುಗೆಡವದೆ ಬಳಸಿರಿ ಎಂಬುದೇ ಅದರ ತಿರುಳು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವೂ ಸಮುದ್ರಕ್ಕಿಳಿಯುವ ಯಾಂತ್ರೀಕೃತ ದೋಣಿಗಳಿಗೆ ಸಂಬಂಧಿಸಿದ್ದು. ಇಳಿತದ ವೇಳೆ ಹೊಳೆಯಲ್ಲಿ ಕೈಯಿಂದ ಹೆಕ್ಕುವವರಿಗಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಶಂಖ ಹಾಗೂ ಚಿಪ್ಪು ಜೀವಿಗಳಿವೆ, ಅವನ್ನು ಮುಟ್ಟಿದರೆ ಅಪರಾಧ. ನಾವು ತಿನ್ನುವ ಬಳಚು ಅದರಲ್ಲಿಲ್ಲ.

ಸತ್ತ ಚಿಪ್ಪಿನ ಮಾತು ಬೇರೆ. ಸುಣ್ಣಕ್ಕಾಗಿ ಅದನ್ನು ಅಗೆದರೆ ಅದು ಮೀನುಗಾರಿಕೆಯಲ್ಲ, ಗಣಿಗಾರಿಕೆ. ಸುಣ್ಣದ ಗೂಡಿಗೆ ಹೋಗುವ ಚಿಪ್ಪು ಕಾನೂನಿನ ಲೆಕ್ಕದಲ್ಲಿ ಉಪಖನಿಜ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಮರಳು, ಕಲ್ಲು, ತಳದ ವಸ್ತುಗಳ ಗಣಿಗಾರಿಕೆಯನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ತಳ ಕೆದಕಿದರೆ ಜೀವಂತ ಬಳಚಿಗೆ ನೆಲೆಯೇ ಉಳಿಯದು. ಒಂದು ಬುಟ್ಟಿ ಹೆಕ್ಕುವವಳಿಗೂ ಲಾರಿ ತುಂಬುವವನಿಗೂ ಒಂದೇ ಅಳತೆ ಹಿಡಿಯಬಾರದು ಎಂದು ನಾವು ಹೇಳುವುದು ಇದಕ್ಕೇ.

ಈ ಬುಟ್ಟಿಗಳ ಲೆಕ್ಕ ಸಣ್ಣದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಅಂದಾಜಿಸಿದಂತೆ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿಕಲ್ಲು ಸಿಗುತ್ತಿತ್ತು. 2,300ಕ್ಕೂ ಹೆಚ್ಚು ಜನರಿಗೆ ಅದರಿಂದ ನೇರ ಕೆಲಸವಿತ್ತು.

ಹಾಗಾದರೆ ಕಟ್ಟುಪಾಡೇ ಬೇಡವೇ? ಬೇಕು. ಕೇರಳದ ಅಷ್ಟಮುಡಿ ಕೆರೆಯಲ್ಲಿ ಅಘನಾಶಿನಿಯಲ್ಲೂ ಇರುವ ಒಂದು ಜಾತಿಯ ಬಳಚೇ ಮುಖ್ಯ ಬೆಳೆ. ತೊಂಬತ್ತರ ದಶಕದಲ್ಲಿ ಅದು ಕುಸಿದಾಗ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಡಿಸೆಂಬರಿನಿಂದ ಫೆಬ್ರವರಿವರೆಗೆ, ಅಂದರೆ ಮರಿಯಿಡುವ ಕಾಲದಲ್ಲಿ, ಹಿಡಿಯುವುದನ್ನು ನಿಲ್ಲಿಸಿದರು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಚಿಕ್ಕದಿರಬಾರದು ಎಂದರು. ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ತೂಗುವ ಚಿಕ್ಕ ಬಳಚಿನ ರಫ್ತಿಗೂ ತಡೆ ಬಂತು. 2014ರಲ್ಲಿ ಅಷ್ಟಮುಡಿಗೆ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಅದೇ ಮೊದಲು.

ಅಲ್ಲಿನ ತಿಂಗಳುಗಳನ್ನೇ ಇಲ್ಲಿಗೆ ತಂದು ಹಾಕಲಾಗದು. ಅಘನಾಶಿನಿಯ ಬಳಚು ಮರಿಯಿಡುವ ಕಾಲ ನೋಡಿ, ದಿನವೂ ಕೆಸರಿಗಿಳಿಯುವ ಹೆಂಗಸರನ್ನು ಕೂರಿಸಿಕೊಂಡು ತಿಂಗಳು ಗೊತ್ತುಮಾಡಬೇಕು. ಆ ತಿಂಗಳುಗಳಲ್ಲಿ ಅವರ ಮನೆಯ ಒಲೆ ಹೇಗೆ ಉರಿಯಬೇಕು ಎಂಬುದೂ ಅದೇ ಸಭೆಯಲ್ಲಿ ತೀರ್ಮಾನವಾಗಬೇಕು.